ಹಬ್ಬಕ್ಕೆ ಮೊದಲೇ ಹೊರಬಿದ್ದ ಹೆಸರು

ನಮ್ಮೂರಾದ ಪಾ ತೆರಾಪ್‌ನ ವಿಮಾನಪಟ್ಟಿಯಲ್ಲಿ ಸುಪಾಂಗಕ್ಕನಿಗೆ ಹೆದರದವರು ಯಾರೂ ಇರಲಿಲ್ಲ. ಕರಾವಳಿಯ ಪಟ್ಟಣ ಮಿರಿಯಿಂದ ನಮ್ಮ ಬೆಟ್ಟಕ್ಕೆ ಬರುವ ವಿಮಾನ ಪುಟಾಣಿಯದು. ಅದನ್ನು ಹತ್ತಬೇಕಾದವರು ಗಂಟುಮೂಟೆ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಬೇಕು. ನಿಂತವರ ತೂಕವನ್ನು ಸುಪಾಂಗಕ್ಕ ಗುಟ್ಟಾಗಿ ಬರೆದುಕೊಳ್ಳುವವಳಲ್ಲ. ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಕೂಗಿ ಹೇಳುವವಳು. ಹೋದ ಸಲಕ್ಕಿಂತ ಹೆಚ್ಚಾಗಿದ್ದರೆ ಅದನ್ನೂ ಸೇರಿಸುವಳು. ಪಾದ್ರಿಗಳ ಹೆಂಡತಿ ಒಮ್ಮೆ ಅನಾನಸ್ ಬುಟ್ಟಿಯನ್ನು ಕೆಳಗಿಟ್ಟು, "ಈಗ ನೋಡಮ್ಮ" ಅಂದರೆ, "ಬುಟ್ಟಿ ಇಳಿಸಿದ್ದಾಯ್ತು, ಉಳಿದಿದ್ದನ್ನ ಯಾರು ಇಳಿಸ್ತಾರೆ?" ಎಂದಿದ್ದಳು. ಆಮೇಲೆ ಆಕೆ ಮಿರಿಗೆ ಹೋಗಬೇಕಾದಾಗೆಲ್ಲ ಹಿಂದಿನ ದಿನ ಊಟ ಬಿಡುತ್ತಿದ್ದರು ಎಂದು ಊರಲ್ಲಿ ಈಗಲೂ ನಗುತ್ತಾರೆ.

ಬಾಯಿ ಹಾಗಿದ್ದರೂ ಕೆಲಸ ಮಾತ್ರ ಕರಾರುವಾಕ್ಕು. ನಮ್ಮ ಕಡೆ ಮೋಡ ಯಾವಾಗ ಮುಚ್ಚುತ್ತದೋ ಯಾವಾಗ ತೆರೆಯುತ್ತದೋ ದೇವರಿಗೇ ಗೊತ್ತು. ಮೋಡದ ಸಂದಿಯಲ್ಲಿ ವಿಮಾನ ಇಳಿದರೆ, ಆ ಸಂದಿ ಮುಚ್ಚುವುದರೊಳಗೆ ಹೊರಡಬೇಕು. ಅದಕ್ಕೇ ಅವಳು ವಿಮಾನದ ಸದ್ದು ಕೇಳುವ ಮೊದಲೇ ಎಲ್ಲರ ಹೆಸರು, ತೂಕ, ಸೀಟು ಬರೆದು ಮುಗಿಸಿ ಕೈಕಟ್ಟಿ ನಿಂತಿರುತ್ತಿದ್ದಳು. "ವಿಮಾನ ಇಳಿದ ಮೇಲೆ ಪೆನ್ನು ಹುಡುಕ್ಬಾರ್ದು" ಅನ್ನುವುದು ಅವಳು ತನ್ನ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಹೇಳುತ್ತಿದ್ದ ಮಾತು. ಇಡೀ ಕತೆ ನಡೆದದ್ದು ಈ ಮಾತಿನಿಂದಲೇ.

ಕೆಲಸದಿಂದ ನಿವೃತ್ತಿಯಾದ ಮರುವಾರವೇ ಅವಳು ನಮ್ಮೂರ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ನಾನು ಅಲ್ಲಿನ ಉಸ್ತುವಾರಿ. ನನ್ನ ಹೆಸರು ಬಲಾಂಗ್ ಮುದಾ. ಅದಕ್ಕೂ ಮೊದಲು ನನ್ನದು ಬೇರೆ ಹೆಸರಿತ್ತು. ಮೊಮ್ಮಗು ಹುಟ್ಟಿದರೆ ಮುಂದೆ ಬೇರೆಯದಾಗುತ್ತದೆ. ಕೆಲಾಬಿತ್ ಬುಡಕಟ್ಟಿನವರಾದ ನಮ್ಮಲ್ಲಿ ಮನುಷ್ಯ ಒಂದೇ ಹೆಸರಿನಲ್ಲಿ ಬಾಳುವುದಿಲ್ಲ. ಹುಟ್ಟಿದಾಗ ಇಟ್ಟದ್ದು ಮಕ್ಕಳ ಹೆಸರು. ಚೊಚ್ಚಲ ಮಗು ಬಂದ ಮೇಲೆ ಅದನ್ನು ಕಳಚಿ, ಗಂಡ ಹೆಂಡತಿ ಇಬ್ಬರೂ ದೊಡ್ಡವರ ಹೆಸರು ತೊಡುತ್ತಾರೆ. ಅಜ್ಜ ಅಜ್ಜಿಯಾದಾಗ ಅದೂ ಹೋಗಿ ಇನ್ನೊಂದು. ಇದಕ್ಕೆಂದು ಇರಾವ್ ಎಂಬ ಹಬ್ಬ. ಊರಿಗೆ ಊರನ್ನೇ ಕರೆದು, ಎಮ್ಮೆ ಹಂದಿ ಕಡಿದು, ಎಲೆಯಲ್ಲಿ ಸುತ್ತಿದ ಮೆತ್ತನೆಯ ಅನ್ನ ಹಂಚಿ, ಎಲ್ಲರೆದುರು ಹೊಸ ಹೆಸರು ಕೂಗಬೇಕು. ನೆರೆದವರು ಕಾಲು ಬಡಿದು ಒಪ್ಪಿದರೆ ಅದೇ ಹೆಸರು. ಅಲ್ಲಿಂದಾಚೆ ಹಳೆಯ ಹೆಸರಿಂದ ಕರೆದರೆ ಮರ್ಯಾದೆಯಲ್ಲ.

ಸುಪಾಂಗಕ್ಕನಿಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಆದ್ದರಿಂದ ಅರವತ್ತು ಹತ್ತಿರ ಬಂದರೂ ಅವಳು ಸುಪಾಂಗ್ ಆಗಿಯೇ ಉಳಿದಳು. ಇರಾವ್‌ನಲ್ಲಿ ಅವಳ ಓರಗೆಯ ಹೆಂಗಸರು ಮಣಿಟೋಪಿ ತೊಟ್ಟು ಮುಂದಿನ ಚಾಪೆಯಲ್ಲಿ ಮೆರೆಯುತ್ತಿದ್ದರೆ, ಇವಳು ಹಿಂದೆ, ಮೊಬೈಲಿನಲ್ಲಿ ಪಿಸುಗುಡುವ ಹುಡುಗಿಯರ ನಡುವೆ. ಅಲ್ಲಿಂದಲೇ ಮುಂದಿನವರನ್ನು ಕಿಚಾಯಿಸುತ್ತಿದ್ದಳು. "ಮದುವೆ ಯಾಕಾಗ್ಲಿಲ್ಲ ಅಕ್ಕ?" ಎಂದು ಹುಡುಗಿಯರು ಕೇಳಿದರೆ, "ಬಂದ ಗಂಡುಗಳನ್ನೆಲ್ಲ ತೂಗಿ ನೋಡ್ದೆ, ಯಾವನೂ ತೂಕಕ್ಕೆ ಬರ್ಲಿಲ್ಲ" ಎನ್ನುತ್ತಿದ್ದಳು. ನಗದೆ ಇರುವವರು ಯಾರು?

ಒಂದೇ ಒಂದು ಸಲ ಮಾತ್ರ, ಸ್ಮಶಾನದ ಹುಲ್ಲು ಸವರುವಾಗ, ನನಗೆ ಬೇರೆಯದೇ ಮಾತು ಹೇಳಿದಳು. "ನಾನು ಸತ್ರೆ ಕಲ್ಲಿನ ಮೇಲೆ ಮಗು ಹೆಸರು ಬರೀತೀರಲ್ಲೋ ಬಲಾಂಗ್. ಓದಿದೋರು ಯಾವುದೋ ಕೂಸು ಸತ್ತಿದೆ ಅಂದ್ಕೋತಾರೆ." ಕತ್ತಿಯನ್ನು ಮತ್ತೆ ಹುಲ್ಲಿಗೆ ಬೀಸಿದಳು. ನಾನು ಸವರಿದ ಹುಲ್ಲನ್ನು ಗುಡ್ಡೆ ಹಾಕಿದೆ.

ಗ್ರಂಥಾಲಯದಲ್ಲಿ ಆಗಷ್ಟೇ ನಾವು ಊರಿನ ವಿಕಿ, ಅಂದರೆ ಇಂಟರ್‌ನೆಟ್ಟಿನಲ್ಲಿ ಊರಿನದೇ ಒಂದು ಮಾಹಿತಿಕೋಶ, ಶುರುಮಾಡಿದ್ದೆವು. ಪಟ್ಟಣಕ್ಕೆ ಕರೆಸಿ ನನಗೆ ತರಬೇತಿ ಕೊಟ್ಟಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಅನ್ನುವುದು ಪ್ರತಿ ಪುಟದ ಹಿಂದೆ ಉಳಿದಿರುತ್ತದೆ. ನಿಲ್ಲಿಸಿದ ಕಲ್ಲುಗಳು, ಉಪ್ಪಿನ ಬುಗ್ಗೆ, ಭತ್ತದ ತಳಿಗಳು, ಕಾಲುವೆಗಳು, ಅವನ್ನೆಲ್ಲ ಮಾಡಿದ ಹಿರಿಯರು, ಒಂದೊಂದಕ್ಕೂ ಒಂದು ಪುಟ. ಮಳೆ ಜೋರಾದರೆ ಇಂಟರ್‌ನೆಟ್ ಬಿದ್ದು ಹೋಗುತ್ತಿತ್ತು, ಬಿಸಿಲಿಲ್ಲದಿದ್ದರೆ ಸೌರ ಬ್ಯಾಟರಿ ಮಲಗುತ್ತಿತ್ತು. ಆದರೂ ಜನ ಬಂದು ಬರೆದರು. ನಮ್ಮೂರ ಬಗ್ಗೆ ನಮ್ಮ ಕೈಯಿಂದಲೇ ಬರೆದದ್ದು ಅದೇ ಮೊದಲು.

ಸುಪಾಂಗಕ್ಕ ಕನ್ನಡಕ ಏರಿಸಿ ಓದುತ್ತಾ ಹೋದಳು. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಏನೋ ಇದು! ದೊಡ್ಡ ಕಾಲುವೆ ತೋಡ್ಸಿದ್ದು ಅಗನ್ ಅಂತ ಒಂದು ಪುಟ. ತೆಪು ಲಬಾ ಅಂತ ಇನ್ನೊಂದು ಪುಟ. ಪಾಪ, ಇಬ್ರೂ ಜಗಳ ಆಡ್ಲಿಲ್ವಾ?"

"ಯಾಕೆ ಜಗಳ ಆಡ್ಬೇಕು?"

"ಇಬ್ರಿಗೂ ಒಬ್ಳೇ ಹೆಂಡ್ತಿ ಕಣೋ!"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಗನ್ ಎಂಬ ಯುವಕನೇ ಮುಂದೆ ಮೊಮ್ಮಕ್ಕಳನ್ನು ಕಂಡು ತೆಪು ಲಬಾ, ಅಂದರೆ ಅಜ್ಜ ಲಬಾ, ಆದದ್ದು. ಬರೆದವರಲ್ಲಿ ಒಬ್ಬರು ಕೇಳಿದ್ದು ಒಂದು ಹೆಸರು, ಇನ್ನೊಬ್ಬರು ಕೇಳಿದ್ದು ಇನ್ನೊಂದು. ಆ ದಿನ ಕತ್ತಲಾಗುವವರೆಗೂ ಹುಡುಕಿದೆವು. ಉಪ್ಪಿನ ಬುಗ್ಗೆಯನ್ನು ಕಾದ ಮೂವರು ಹೆಂಗಸರು ಒಬ್ಬಳೇ ಹೆಂಗಸು. ಶಾಲೆಗೆ ಜಾಗ ಬಿಟ್ಟುಕೊಟ್ಟವನೂ, ಅದೇ ಶಾಲೆಯ ಮಾಡಿಗೆ ಹಲಗೆ ಹೊತ್ತವನೂ ಒಬ್ಬನೇ. ನಮ್ಮ ಹಿರಿಯರು ಬಾಳಿನ ಉದ್ದಕ್ಕೂ ದುಡಿದಿದ್ದರು, ನಾವು ಅವರನ್ನು ತುಂಡು ತುಂಡು ಮಾಡಿ ಬೇರೆಬೇರೆ ಜನರಿಗೆ ಹಂಚಿಬಿಟ್ಟಿದ್ದೆವು.

ಎರಡು ಪುಟ ಸೇರಿಸಿ, ಹಳೆಯ ಹೆಸರನ್ನು ಒತ್ತಿದರೆ ಹೊಸ ಹೆಸರಿನ ಪುಟಕ್ಕೇ ಹೋಗುವ ಹಾಗೆ ಮಾಡುವುದನ್ನು ತೋರಿಸಿಕೊಟ್ಟೆ. ಅವಳು ಹಳೆಯ ಹೆಸರು ಒತ್ತಿದಳು, ಹೊಸದು ಬಂತು. ಮತ್ತೆ ಒತ್ತಿದಳು. ಮಕ್ಕಳ ಹಾಗೆ ಮತ್ತೆ ಮತ್ತೆ.

"ಇದನ್ನ ಮಾಡಿದೋರು ನಮ್ಮೋರಾ?"

"ಅಲ್ಲ ಅಕ್ಕ, ಎಲ್ಲೋ ದೂರದೋರು."

"ಹಾಗಾದ್ರೆ ಅಲ್ಲೂ ಇರಾವ್ ಇರ್ಬೇಕು" ಎಂದು ತೀರ್ಮಾನ ಕೊಟ್ಟಳು.

ಅಂದಿನಿಂದ ವಿಕಿ ಅವಳದಾಯಿತು. ಗುರುತಿನ ಚೀಟಿಯಲ್ಲಿರುವ ಹೆಸರಿನಲ್ಲೇ ಪುಟ ಇರಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ ಅಂದೆ. "ಆ ಚೀಟಿ ಹೆಸ್ರಲ್ಲಿ ಕೂಗಿದ್ರೆ ನಿನ್ನ ಹೆಂಡ್ತಿ ತಿರುಗಿ ನೋಡ್ತಾಳೇನೋ?" ಅಂದಳು. ನಾನು ಪಟ್ಟಣಕ್ಕೆ ಫೋನು ಮಾಡಿ ನಿಯಮ ಬದಲಾಯಿಸಿಕೊಂಡೆ. ಯಾರ ಮನೆಯಲ್ಲಿ ಇರಾವ್ ಆದರೂ ಅವಳು ಮೊಬೈಲು ಹಿಡಿದು ಹುಡುಗಿಯರ ಚಾಪೆಯಲ್ಲಿ ಸಿದ್ಧಳಾಗಿ ಕೂತಿರುತ್ತಿದ್ದಳು. ಹೆಸರು ಕೂಗಿ, ಜನ ಒಪ್ಪಿ ಕಾಲು ಬಡಿದ ಕೂಡಲೇ ಪುಟದ ತಲೆಬರಹ ಬದಲು. "ಆಯ್ತು!" ಎಂದು ಹಿಂದಿನಿಂದ ಅವಳು ಕೂಗಿದ ಮೇಲೆಯೇ ಅನ್ನದ ಎಲೆ ಬಿಚ್ಚುವುದು ರೂಢಿಯಾಯಿತು. ಯಾರೂ ಹೇಳಿ ಮಾಡಿದ ರೂಢಿಯಲ್ಲ ಅದು.

ಕುಚಿಂಗ್‌ನಲ್ಲಿ, ಪರ್ತ್‌ನಲ್ಲಿ ಇರುವ ನಮ್ಮ ಮಕ್ಕಳು ಊರಿಗೆ ಹೊರಡುವ ಮುಂಚೆ ಮಾವನಿಗೆ ಈಗ ಏನು ಹೆಸರು, ಅತ್ತೆಗೆ ಏನು ಹೆಸರು ಎಂದು ವಿಕಿಯಲ್ಲಿ ನೋಡಿಕೊಂಡು ಬರತೊಡಗಿದರು. ಅಲ್ಲಿಯವರೆಗೆ ವಿಮಾನದಿಂದ ಇಳಿದ ಕೂಡಲೇ ಹಳೆಯ ಹೆಸರು ಕರೆದು ಹಿರಿಯರ ಮುಖ ಕೆಡಿಸುತ್ತಿದ್ದವರು ಇವರೇ. ಬೇರೆ ಊರಿನ ಗ್ರಂಥಾಲಯದವರೂ ಬಂದು ನೋಡಿಕೊಂಡು ಹೋದರು. ಸುಪಾಂಗಕ್ಕ ಅವರಿಗೆ ಪುಟ ತೋರಿಸುವಾಗ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಿದರೆ ನನ್ನ ಎದೆಯೂ ಉಬ್ಬುತ್ತಿತ್ತು. "ನಂಗೆ ಅಂತ ಇರೋದು ಇದೊಂದೇ ಕಣೋ" ಎಂದು ಒಮ್ಮೆ ಅಂದಳು. ನಗುತ್ತಲೇ ಅಂದದ್ದು, ಆದರೆ ತಮಾಷೆಗಲ್ಲ.

ತೆಪು ಪರಾನ್ ನಮ್ಮೂರ ಹಿರಿಯರು. ಊರಿನ ಸಮಿತಿ, ಚರ್ಚು, ಗ್ರಂಥಾಲಯ, ಯಾವುದೂ ಅವರ ಮಾತು ದಾಟುವುದಿಲ್ಲ. ಅವರ ಕಿರಿಮಗಳು ಮಿರಿಯಮ್ಮಿಗೆ ಗಂಡುಮಗುವಾಯಿತು. ಶನಿವಾರ ಇರಾವ್ ಎಂದು ಗೊತ್ತಾಯಿತು. ಮಿರಿಯಮ್ ಎಂದರೆ ಸುಪಾಂಗಕ್ಕನಿಗೆ ಜೀವ. ಅವಳು ಕೂಸಾಗಿದ್ದಾಗ, ಆಸ್ಪತ್ರೆಯಿಂದ ಕರೆತಂದ ದಿನ, ಬುಟ್ಟಿಯಲ್ಲಿಟ್ಟು ತೂಗಿದವಳು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು.

"ನಿನ್ನೆ ಮೊನ್ನೆ ಬುಟ್ಟಿಲಿದ್ದ ಹುಡ್ಗಿ, ಶನಿವಾರದಿಂದ ನನಗಿಂತ ದೊಡ್ಡೋಳು" ಎಂದು ನಕ್ಕಳು. ಮಾತಿನಲ್ಲಿ ಮುಳ್ಳಿತ್ತು. ಚುಚ್ಚಿಕೊಂಡದ್ದು ಅವಳಿಗೇ.

ಹೊಸ ಹೆಸರನ್ನು ತೆಪು ಪರಾನ್ ಆರಿಸಿದ್ದರು. ಅದು ವೇದಿಕೆಯ ಮೇಲೆ ಅವರ ಬಾಯಿಂದಲೇ ಮೊದಲು ಬರಬೇಕು. ಅಲ್ಲಿಯವರೆಗೆ ಮನೆಯ ಗುಟ್ಟು. ಆದರೆ ಮಿರಿಯಮ್ ಗುರುವಾರ ಗ್ರಂಥಾಲಯಕ್ಕೆ ಬಂದು ಸುಪಾಂಗಕ್ಕನ ಕಿವಿಯಲ್ಲಿ ಹೇಳಿದಳು. ಹೇಳದೆ ಇರಲಾರದಷ್ಟು ಖುಷಿ ಅವಳಿಗೆ. ಪುಟಕ್ಕೆ ಹಾಕಲು ಮಗುವಿನ ಫೋಟೋವನ್ನೂ ಕೊಟ್ಟಳು. "ಯಾರಿಗೂ ಹೇಳ್ಬೇಡಿ ಅಕ್ಕ."

"ನನ್ನ ಬಾಯಿಗೆ ಬೀಗ" ಅಂದಳು ಸುಪಾಂಗಕ್ಕ.

ಬಾಯಿಗೆ ಬೀಗ ಬಿದ್ದದ್ದು ನಿಜ. ಕೈಗೆ ಬೀಳಲಿಲ್ಲ. ಆ ಮಧ್ಯಾಹ್ನ ಆಕಾಶ ಕಪ್ಪಾಯಿತು. ಶನಿವಾರವೂ ಮಳೆ ಹಿಡಿದರೆ, ಇಂಟರ್‌ನೆಟ್ ಬಿದ್ದರೆ? ಹೆಸರು ಕೂಗಿದಾಗ "ಆಯ್ತು" ಅನ್ನಲು ಆಗದಿದ್ದರೆ? ವಿಮಾನ ಇಳಿದ ಮೇಲೆ ಪೆನ್ನು ಹುಡುಕುವುದು ಅವಳ ಜಾಯಮಾನವೇ ಅಲ್ಲ. ಹೊಸ ಹೆಸರಿನಲ್ಲಿ ಪುಟ ಬರೆದು, ಫೋಟೋ ಸೇರಿಸಿ, ಉಳಿಸಿಬಿಟ್ಟಳು. ತಾನು ತೋರಿಸುವವರೆಗೆ ಯಾರು ನೋಡುತ್ತಾರೆ ಎಂದುಕೊಂಡಳು. ನಾನು ಅಂದು ಒಣಹಾಕಿದ್ದ ಭತ್ತ ಎತ್ತಿಡಲು ಮನೆಗೆ ಹೋಗಿದ್ದೆ. ಹೊಸ ಪುಟ ಬಂದರೆ ಸುದ್ದಿ ತಾನಾಗಿ ಫೋನಿಗೆ ಬರುವ ಹಾಗೆ ಪರದೇಶದಲ್ಲಿರುವ ನಮ್ಮ ಮಕ್ಕಳು ಮಾಡಿಕೊಂಡಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಶುಕ್ರವಾರದ ವಿಮಾನದಲ್ಲಿ ಮಿರಿಯಿಂದ ನೆಂಟರು ಬಂದಿಳಿದರು. ಸ್ವಾಗತಿಸಲು ತೆಪು ಪರಾನ್ ತಾವೇ ವಿಮಾನಪಟ್ಟಿಗೆ ಹೋಗಿದ್ದರು. ಅವರ ನಾದಿನಿ ಹೆಮ್ಮೆಯಿಂದ ಒಂದು ಸುರುಳಿ ಬಿಚ್ಚಿದರು. ಬಣ್ಣಬಣ್ಣದ ಬ್ಯಾನರು. ಅದರ ಮೇಲೆ ಎರಡು ಮೊಳದ ಅಕ್ಷರದಲ್ಲಿ ಆ ಗುಟ್ಟಿನ ಹೆಸರೇ, ತಾಯಿಗೆ ಸಿನಾ, ತಂದೆಗೆ ತಮಾ ಸೇರಿಸಿ: ಸಿನಾ ರಿಬು ಉಲುನ್ ಮತ್ತು ತಮಾ ರಿಬು ಉಲುನ್ ಅವರಿಗೆ ಅಭಿನಂದನೆ.

ತೆಪು ಪರಾನ್ ಅಲ್ಲಿಂದ ಸೀದಾ ಗ್ರಂಥಾಲಯಕ್ಕೆ ಬಂದರು. ನಾನು ಎದ್ದು ನಿಂತೆ. ಸುಪಾಂಗಕ್ಕ ಅಷ್ಟರಲ್ಲೇ ಫೋನಿಗೆ ಬಂದ ಶುಭಾಶಯಗಳನ್ನು ನೋಡಿದ್ದಳು.

"ಯಾರು ಬರೆದದ್ದು?" ಎಂದರು ಹಿರಿಯರು.

"ನಾನು ತೆಪು" ಅಂದಳು. ತಡವರಿಸಲಿಲ್ಲ.

"ಗೊತ್ತಾ ನಿಂಗೆ? ಮಿರಿಯಮ್ ಹುಟ್ಟಿದಾಗಿಂದ ಆ ಹೆಸರನ್ನ ಬಾಯಲ್ಲಿ ಇಟ್ಕೊಂಡಿದ್ದೆ. ಯಾವತ್ತೋ ಒಂದಿನ ಇವಳಿಗೆ ಮಗು ಆಗುತ್ತೆ, ಆಗ ಕೂಗ್ತೀನಿ ಅಂತ. ಮೊನ್ನೆ ಮಗು ಆಗೋವರೆಗೂ ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ. ಈಗ ಪರ್ತ್‌ನಲ್ಲಿರೋ ಯಾವನೋ ನನಗೇ ಶುಭಾಶಯ ಕಳಿಸ್ತಾನೆ. ನಾಳೆ ಮೈಕಲ್ಲಿ ನಾನು ಏನು ಕೂಗ್ಲಿ? ಹವಾಮಾನ ಓದ್ಲಾ?"

ಸುಪಾಂಗಕ್ಕ ತಲೆ ತಗ್ಗಿಸಿ ನಿಂತಳು.

"ಬಲಾಂಗ್" ಎಂದು ನನ್ನ ಕಡೆ ತಿರುಗಿದರು, "ಇವಳ ಕೈಯಿಂದ ಇದನ್ನ ಕಿತ್ಕೊ. ಆಮೇಲೆ ಇದು ಇರ್ಬೇಕೋ ಮುಚ್ಬೇಕೋ, ನಾಳೆ ಎಲ್ಲರೆದುರು ಹೇಳ್ತೀನಿ. ಸುಪಾಂಗ್, ನೀನು ಬಂದು ಮುಂದೆ ನಿಲ್ಬೇಕು."

ಅವರು ಹೋದ ಮೇಲೆ ನಾನು ಬಾಗಿಲು ಹಾಕಿದೆ. "ಅಕ್ಕ, ಒಂದು ದಾರಿ ಇದೆ. ಪುಟವನ್ನ ಪೂರ್ತಿ ಅಳಿಸಿಬಿಡ್ತೀನಿ. ಹಿಂದಿನ ದಾಖಲೆನೂ ಮರೆ ಮಾಡ್ಬಹುದು. ಯಂತ್ರ ತಾನೇ ಏನೋ ಎಡವಟ್ಟು ಮಾಡ್ತು ಅಂದ್ರೆ ಯಾರಿಗೂ ಗೊತ್ತಾಗಲ್ಲ."

ಅವಳು ಕಡ್ಡಿ ಮುರಿದ ಹಾಗೆ ಬೇಡ ಅಂದಳು. "ತೂಕ ತಪ್ಪು ಬರೆದ್ರೆ ನಾನು ಹಾಳೆ ಹರೀತಿರ್ಲಿಲ್ಲ ಬಲಾಂಗ್. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕ್ತಿದ್ದೆ. ಹಾಳೆ ಹರಿದೋರನ್ನ ಪೈಲಟ್ ನಂಬಲ್ಲ. ನಾನೇ ಮಾಡಿದ್ದು ಅಂತ ಇರ್ಲಿ. ಇದನ್ನ ಮರೆ ಮಾಡಿದ್ರೆ, ಮಿಕ್ಕ ಪುಟಗಳನ್ನೆಲ್ಲ ಯಾರು ನಂಬ್ತಾರೆ?"

"ನಾಳೆ ಮುಚ್ಚಿಸಿಬಿಟ್ರೆ?"

"ಮುಚ್ಚಿಸಿದ್ರೆ..." ಅಂದವಳು ಕೀಲಿಮಣೆಯ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದಳು. "ಕಿತ್ಕೊ. ಅವರು ಹೇಳಿದ್ದು ಮಾಡು."

ಅವಳ ಎದುರಿಗೇ ಅವಳ ಬರೆಯುವ ಹಕ್ಕನ್ನು ತೆಗೆದೆ. ಆ ಪುಟಕ್ಕೆ ಗೆರೆ ಎಳೆದು, ಫೋಟೋ ತೆಗೆದು, ತಲೆಬರಹ ಮಾತ್ರ ಉಳಿಸಿ ಬೀಗ ಹಾಕಿದೆ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕುರ್ಚಿಯನ್ನು ದಡಕ್ಕನೆ ಒಳಗೆ ತಳ್ಳಿದೆ.

ಬೇರೆಯವರಾಗಿದ್ದರೆ ಮನೆಯಲ್ಲಿ ಮುಖ ಮುಚ್ಚಿ ಕೂರುತ್ತಿದ್ದರು. ಸುಪಾಂಗಕ್ಕ ಸಂಜೆಯೇ ಹಬ್ಬದ ಮನೆಗೆ ಹೋದಳು. ಹತ್ತಾರು ಸಂಸಾರ ಒಂದೇ ಮಾಡಿನಡಿ ಬಾಳುವ ಉದ್ದಮನೆಯ ಜಗಲಿಯಲ್ಲಿ ಹೆಂಗಸರು ಅನ್ನವನ್ನು ಎಲೆಯಲ್ಲಿ ಸುತ್ತುತ್ತಾ ಕೂತಿದ್ದರು. ಇವಳೂ ಎಲೆ ಎಳೆದುಕೊಂಡು ಕೂತಳು. ಬ್ಯಾನರು ತಂದ ನಾದಿನಿ, "ಇವಳ ಎದುರು ಅನ್ನ ಅಂತನೂ ಅನ್ಬೇಡ್ರಮ್ಮ, ನಾಳೆ ಬೆಳಿಗ್ಗೆಗೆ ಲೋಕಕ್ಕೆಲ್ಲ ಗೊತ್ತಾಗುತ್ತೆ" ಎಂದರು. ಒಂದಿಬ್ಬರು ಕಿಸಕ್ಕೆಂದರು. ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. ಮಿರಿಯಮ್ ಮಾತ್ರ ಮಗುವನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಕೂತು, "ನಾನೇ ಬಾಯಿಬಿಟ್ಟಿದ್ದು ಅಂತ ಅಪ್ಪನ ಹತ್ರ ಹೇಳ್ದೆ ಅಕ್ಕ" ಎಂದು ಮೂಗು ಒರೆಸಿಕೊಂಡಳು.

"ಏನಂದ್ರು?"

"ಏನೂ ಅನ್ಲಿಲ್ಲ. ಹೋಗಿ ನಿಮ್ಮ ವಿಕಿ ಓದ್ತಾ ಕೂತಿದ್ದಾರೆ. ಕನ್ನಡಕ ಹಾಕ್ಕೊಂಡು, ಒಂದೊಂದೇ ಪುಟ."

"ತಪ್ಪು ಹುಡುಕ್ತಿದ್ದಾರೆ" ಎಂದು ನಿಟ್ಟುಸಿರಿಟ್ಟಳು ಸುಪಾಂಗಕ್ಕ.

ಶನಿವಾರ ಒಂದು ಹನಿ ಮಳೆಯಿಲ್ಲ. ಉದ್ದಮನೆ ಕಿಕ್ಕಿರಿದಿತ್ತು. ಪ್ರಾರ್ಥನೆಯಾಯಿತು, ಹಾಡಾಯಿತು, ಹೆಂಗಸರ ಸಾಲು ಕುಣಿತವಾಯಿತು. ತೆಪು ಪರಾನ್ ಮೈಕು ಹಿಡಿದರು. ಮಗಳನ್ನೂ ಅಳಿಯನನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡರು.

"ನೀವೆಲ್ಲ ಒಂದು ಹೆಸರು ಓದ್ಕೊಂಡು ಬಂದಿದ್ದೀರಿ. ಅದನ್ನ ಮರೆತುಬಿಡಿ. ಇವರ ಹೆಸರು ಅದಲ್ಲ. ಇವತ್ತಿಂದ ಇವನು ತಮಾ ಮರೆನ್ ಬಲಾ, ಇವಳು ಸಿನಾ ಮರೆನ್ ಬಲಾ!"

ಜನ ಒಂದು ಕ್ಷಣ ಪೆಚ್ಚಾದರು. ಬ್ಯಾನರು ಕಟ್ಟಿದ್ದ ನಾದಿನಿಯ ಮುಖ ನೋಡಬೇಕಿತ್ತು. ಆಮೇಲೆ ನಗು, ಕೇಕೆ. ಯಾರಿಗೂ ಗೊತ್ತಿರದ ಹೆಸರನ್ನು ಕೇಳುವ ಸುಖವೇ ಬೇರೆ. ಹಲಗೆಯ ನೆಲದ ಮೇಲೆ ನೂರಾರು ಕಾಲುಗಳು ಬಡಿದವು. ರೂಢಿಯ ಮೇಲೆ ಎಲ್ಲರೂ ಹಿಂದಿನ ಚಾಪೆಯತ್ತ ತಿರುಗಿದರು. ಸುಪಾಂಗಕ್ಕನ ಕೈಯಲ್ಲಿ ಫೋನಿರಲಿಲ್ಲ. "ಆಯ್ತು" ಎಂಬ ಕೂಗು ಬರಲಿಲ್ಲ. ಅಷ್ಟು ಜನರಿದ್ದರೂ ಅಲ್ಲಿ ಏನೋ ಖಾಲಿಯಾದದ್ದು ಎಲ್ಲರಿಗೂ ಗೊತ್ತಾಯಿತು.

"ಸುಪಾಂಗ್, ಬಾ ಇಲ್ಲಿ" ಎಂದರು ಹಿರಿಯರು.

ಅವಳು ಹುಡುಗಿಯರ ನಡುವಿನಿಂದ ಎದ್ದು, ಮಣಿಟೋಪಿಗಳ ಸಾಲು ದಾಟಿ, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದು ನಿಂತಳು.

"ನಿನ್ನೆ ರಾತ್ರಿ ಇವಳು ಬರೆದದ್ದೆಲ್ಲ ಓದ್ದೆ" ಎಂದರು ತೆಪು ಪರಾನ್. "ತಪ್ಪು ಹುಡುಕೋಕೆ ಅಂತಲೇ ಕೂತೆ. ನಮ್ಮಪ್ಪ ಸಿಕ್ಕ. ಅವನಿಗೆ ಮೂರು ಹೆಸರಿತ್ತು. ಮೊದಲನೇದು ನನಗೇ ಗೊತ್ತಿರ್ಲಿಲ್ಲ. ಹುಡುಗ ಆಗಿದ್ದಾಗ ಬೆಟ್ಟ ಇಳಿದು ಉಪ್ಪು ಹೊತ್ಕೊಂಡು ಹೋಗ್ತಿದ್ನಂತೆ. ಅದೂ ಗೊತ್ತಿರ್ಲಿಲ್ಲ. ನಾನು ಅಪ್ಪನ ಮುಕ್ಕಾಲು ಭಾಗ ಮಾತ್ರ ನೋಡಿದ್ದೆ. ನಿನ್ನೆ ಪೂರ್ತಿ ನೋಡ್ದೆ." ಅವರು ಒಂದು ಗಳಿಗೆ ಮೈಕನ್ನು ಕೆಳಗಿಳಿಸಿದರು. "ಆದ್ರೂ ಇವಳು ಮಾಡಿದ್ದು ತಪ್ಪೇ. ತಪ್ಪಿಗೆ ದಂಡ ಇದೆ."

ಅವರು ಬ್ಯಾನರಿನ ಕಡೆ ಕೈ ತೋರಿಸಿದರು.

"ಒಂದು ಹೆಸರು ಹಬ್ಬ ಇಲ್ದೆ ಹೊರಗೆ ಬಂದುಬಿಟ್ಟಿದೆ. ಊರೂರು ಸುತ್ತಿ ಬಂದಿದೆ. ಇನ್ನು ಅದನ್ನ ನಮ್ಮ ಮನೆ ಒಳಗೆ ಕರ್ಕೊಳೋ ಹಾಗಿಲ್ಲ, ಬೀದಿಲಿ ಬಿಡೋ ಹಾಗೂ ಇಲ್ಲ. ಹೊರಗೆ ತಂದೋರೇ ಹೊರ್ಬೇಕು. ಸುಪಾಂಗ್, ಸಿನಾ ರಿಬು ಉಲುನ್ ಅನ್ನೋ ಹೆಸರನ್ನ ನೀನೇ ಹೊತ್ಕೊ. ಸಾಯೋ ತನಕ."

ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ನಾದಿನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು.

"ಅದು ಹೇಗೆ? ಸಿನಾ ಅಂದ್ರೆ ತಾಯಿ. ಯಾರ ತಾಯಿ ಇವಳು? ಹೆತ್ತದ್ದೆಲ್ಲಿ?"

"ಆ ಹೆಸರಿಗೆ ಅರ್ಥ ಏನಮ್ಮ?" ಎಂದರು ತೆಪು ಪರಾನ್.

"ಸಾವಿರ ಬಾಳು. ಅದು ಕೂಸಿಗೆ ಕೊಡೋ ಹರಕೆ."

"ಕೂಸಿಗೆ ಕೊಟ್ರೆ ಹರಕೆ. ಸಾವಿರ ಆಗುತ್ತೋ ಇಲ್ವೋ ಯಾರಿಗೆ ಗೊತ್ತು? ಆ ಸಾವಿರ ಬಾಳಲ್ಲಿ ಇವಳು ಆಗ್ಲೇ ಅರ್ಧಕ್ಕಿಂತ ಜಾಸ್ತಿ ಬರೆದು ಮುಗ್ಸಿದ್ದಾಳೆ. ಸತ್ತು ತುಂಡಾಗಿ ಹೋಗಿದ್ದ ನಿನ್ನ ಅಜ್ಜಿನ ಒಂದು ಮಾಡಿ ಎದ್ದು ಕೂರ್ಸಿದ್ದು ಯಾರು? ಅದು ಹೆತ್ತ ಹಾಗಲ್ವಾ? ನಿಂಗೆ ಒಪ್ಪಿಗೆ ಇಲ್ದೆ ಇದ್ರೆ ಕಾಲು ಬಡೀಬೇಡ. ಮಿಕ್ಕೋರು ಹೇಳಿ, ಒಪ್ಪಿದ್ರಾ?"

ಮೊದಲು ಬಡಿದದ್ದು ಹಿಂದಿನ ಚಾಪೆಯ ಹುಡುಗಿಯರು. ಆಮೇಲೆ ಮಣಿಟೋಪಿಯವರು. ಆಮೇಲೆ ಉದ್ದಮನೆಗೆ ಉದ್ದಮನೆಯೇ ಅಲುಗಿತು. ಗೋಡೆಗೆ ತೂಗುಹಾಕಿದ್ದ ಹಿರಿಯರ ಫೋಟೋಗಳು ಗಡಗಡ ಅಂದವು. ನಾದಿನಿ ಕೂಡ ಕೊನೆಗೆ ಒಂದು ಕಾಲು ಎತ್ತಿ ಇಟ್ಟರು, ತಮ್ಮ ಬ್ಯಾನರಾದರೂ ದಂಡವಾಗಲಿಲ್ಲವಲ್ಲ ಅಂತಲೋ ಏನೋ. ನಾನು ಎರಡೂ ಕಾಲು ಬಡಿದೆ. ಅಂಗಾಲು ಉರಿಯುವಷ್ಟು ಬಡಿದೆ. ನಮ್ಮ ಜನ ಇಂಥವರು ಎಂದು ನನಗೆ ಅಷ್ಟು ಹೆಮ್ಮೆಯಾದದ್ದು ಮತ್ತೊಮ್ಮೆ ಇಲ್ಲ.

ಅವಳು ಅಳುತ್ತಿದ್ದಳು. ಇಲ್ಲ, ಇನ್ನು ಹಾಗೆ ಬರೆಯಬಾರದು. ಸಿನಾ ರಿಬು ಉಲುನ್ ಅವರು ಅಳುತ್ತಿದ್ದರು. ಊರಿನ ಅರ್ಧ ಜನರನ್ನು ಮಾತಿನಲ್ಲೇ ಹಿಂಡಿದ ಹೆಂಗಸು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದರು. ಜನ ಎಲೆಯ ಗಂಟುಗಳನ್ನು ಮುಂದಿಟ್ಟುಕೊಂಡು ಕಾಯುತ್ತಿದ್ದರು. ಎರಡು ಹೆಸರು ಬದಲಾಗಿತ್ತು, ಒಂದೂ ಪುಟ ಬದಲಾಗಿರಲಿಲ್ಲ.

"ಕೊಡೋ ಅದನ್ನ" ಎಂದು ತೆಪು ಪರಾನ್ ನನ್ನತ್ತ ನೋಡಿ ಗದರಿದರು, "ಅನ್ನ ಆರ್ತಾ ಇದೆ."

ನನ್ನ ಫೋನಿನಲ್ಲೇ ಅವರ ಹಕ್ಕನ್ನು ಮರಳಿಸಿ, ಬೀಗ ತೆಗೆದು, ಕೈಗೆ ಕೊಟ್ಟೆ. ಮೊದಲು ಮಿರಿಯಮ್ಮಿನ ಪುಟವನ್ನು ಸಿನಾ ಮರೆನ್ ಬಲಾ ಎಂದು ಸರಿಮಾಡಿದರು. ಆಮೇಲೆ, ಖಾಲಿ ಉಳಿದಿದ್ದ ಆ ಇನ್ನೊಂದು ಪುಟವನ್ನು ತೆರೆದರು. ಏನನ್ನೋ ಬರೆಯಲು ಹೋಗಿ ನಿಲ್ಲಿಸಿ, ಹಿಂದಿನ ದಾಖಲೆಯನ್ನು ಒತ್ತಿದರು. ಅಳಿಸಬೇಡ ಎಂದು ಅವರೇ ಹಟ ಹಿಡಿದು ಉಳಿಸಿದ ಸಾಲು ಅಲ್ಲೇ ಇತ್ತು: ಗುರುವಾರ, ಈ ಪುಟವನ್ನು ಹುಟ್ಟಿಸಿದವರು ಸುಪಾಂಗ್ ಗಲಿ.

ಆ ಸಾಲಿನ ಮೇಲೆ ಬೆರಳಾಡಿಸಿದರು.

"ಬಲಾಂಗ್" ಎಂದರು ನನಗೆ ಮಾತ್ರ ಕೇಳುವ ಹಾಗೆ, "ಇದು ನಂದೇ ಹೆಸರು ಅಂತ ಗೊತ್ತಿಲ್ದೇನೇ ಬರೆದುಬಿಟ್ಟಿದ್ದೀನಲ್ಲೋ."

"ಹೌದು ಸಿನಾ" ಅಂದೆ. ಆ ಕರೆಗೆ ಅವರು ತಿರುಗಿ ನೋಡಿದರು.